ಫಕೀರವ್ವನ ಬಂಡಿಯ ಜಪ್ತಿ ವರದಿ

ಫೆಬ್ರವರಿ 30, 2171
ಮಲಪ್ರಭೆಯ ದಂಡೆ

ನೂರೈವತ್ತು ವರ್ಷಗಳ ಹಿಂದಿನ ಹಿರಿಯರಿಗೆ,

ತಾರೀಖು ತಪ್ಪಿಲ್ಲ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಾನು ವಾಹನ ನೋಂದಣಿ ಕಚೇರಿಯ ಗುಮಾಸ್ತ. ನಮ್ಮ ಬಂಡಿಗಳಿಗೆ ಚಾಲಕರಿಲ್ಲ. ತಾವೇ ಓಡುವುದರಿಂದ ಅವನ್ನು ‘ತಾನೋಡಿ’ ಎನ್ನುತ್ತೇವೆ. ಕಂತು ತಪ್ಪಿದರೆ ತಾನೋಡಿ ತಾನೇ ಹೊರಟು ಸಾಲ ಕೊಟ್ಟ ಕಂಪನಿಯ ಅಂಗಳ ಸೇರುತ್ತದೆ. ಜಪ್ತಿಯಾದ ವರದಿಯನ್ನು ನಮ್ಮ ಕಚೇರಿಗೆ ಕಳಿಸುವುದೂ ಅದೇ. ಕಾಲುಗಂಟೆಯೊಳಗೆ ದಾಖಲೆಯಿಂದ ಒಡೆಯರ ಹೆಸರು ಅಳಿಯುತ್ತದೆ. ಮೊಹರು ಒತ್ತುವುದಷ್ಟೇ ನನ್ನ ಕೆಲಸ.

ಫಕೀರವ್ವ ಈ ಸೀಮೆಯ ಸೂಲಗಿತ್ತಿ. ಹೋದ ತಿಂಗಳು ಊರಾಚೆಯ ಒಂದು ಮನೆಯಲ್ಲಿ ಹೆರಿಗೆ ಮಾಡಿಸುತ್ತಿದ್ದರು. ಕೂಸು ಹುಟ್ಟಿತು, ಅಳಲಿಲ್ಲ. ಕೂಸಿಗೆ ಉಸಿರು ತುಂಬುವ ಸಾಧನ ಅಪರೂಪಕ್ಕೆ ಬೇಕಾಗುವಂಥದ್ದು. ಅದರ ಚೀಲ ಬಂಡಿಯಲ್ಲೇ ಇತ್ತು. ಓಡಿ ಹೊರಗೆ ಬಂದರೆ ಬಂಡಿಯಿಲ್ಲ; ಕಂತು ತಪ್ಪಿತ್ತೆಂದು ಅದು ತಾನೇ ಹೊರಟುಹೋಗಿತ್ತು. ಬಾಯಿಂದಲೇ ಊದಿ ಊದಿ ಸೋತರು. ಕೂಸು ಉಳಿಯಲಿಲ್ಲ.

ವರದಿಯಲ್ಲಿ ಹೀಗಿತ್ತು: ‘ಒಡತಿ ತಾವಾಗಿ ಒಪ್ಪಿಸಿದ್ದಾರೆ. ಒಳಗಿನ ಸಾಮಾನು: ಇಲ್ಲ.’ ನಾನು ಓದದೆಯೇ ಮೊಹರು ಒತ್ತಿದ್ದೆ.

ಮೂರನೆಯ ದಿನ ಆಕೆ ಬಂದರು.

“ಗಾಡಿ ಬ್ಯಾಡ್ರೀ ಸಾಹೇಬ್ರ. ಚೀಲ ಅದರಾಗಿತ್ತು ಅಂತ ಬರದು ಕೊಡ್ರಿ, ಸಾಕು. ಬರಿಗೈಲೆ ಬಂದಿದ್ಲು ಅಂತಾರ ಆ ಮನಿಯವ್ರು.”

“ಮುಗದ ವರದಿ ನನ್ನ ಕೈಯಾಗಿಲ್ಲವ್ವ. ಕಂಪನಿಯವ್ರ ತಿದ್ದಬೇಕು.”

“ಅವ್ರು ನಿಮ್ಮ ಕಡೆ ಹೋಗು ಅಂತಾರ. ನೀವು ಅವ್ರ ಕಡೆ ಅಂತೀರಿ. ನಾ ಯಾರ ಮುಂದ ಹೇಳ್ಲಿ?”

ಕಂಪನಿಗೆ ನಾಲ್ಕು ಸಲ ಬರೆದೆ. ‘ಪ್ರಕರಣ ಮುಗಿದಿದೆ’ ಎಂಬ ಒಂದೇ ಉತ್ತರ. ರಜೆ ಹಾಕಿ ಅವರ ಅಂಗಳಕ್ಕೇ ಹೋದೆ. ಬಂಡಿ ಆಗಲೇ ಬೇರೆಯವರ ಪಾಲಾಗಿತ್ತು, ಚೀಲದ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ನನ್ನ ಕೈಯಾರೆ ಒಂದು ಚೀಟಿ ಬರೆದುಕೊಟ್ಟೆ. ಮೊಹರಿಲ್ಲವೆಂದು ಕೂಸಿನ ಮನೆಯವರು ಅದನ್ನು ಹಿಂದಕ್ಕೆ ಕಳಿಸಿದರು. ಈಗ ಯಾರೂ ಫಕೀರವ್ವನನ್ನು ಹೆರಿಗೆಗೆ ಕರೆಯುವುದಿಲ್ಲ.

ಈ ವರದಿಯ ನಮೂನೆಯನ್ನು ಮೊದಲು ಬರೆಯುವವರು ನಿಮ್ಮ ನಡುವೆಯೇ ಎಲ್ಲೋ ಇರಬೇಕು. ಬಂಡಿ ಕಳೆದುಕೊಂಡವರ ಮಾತಿಗೂ ಅದರಲ್ಲಿ ಒಂದು ಸಾಲು ಬಿಡಲು ಅವರಿಗೆ ಹೇಳಿ. ನನ್ನಿಂದ ಇಲ್ಲಿ ಏನೂ ಆಗುತ್ತಿಲ್ಲ.

ಆಕೆ ಇಂದೂ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದಾರೆ. ಎದ್ದು ಹೋಗಿ ಮತ್ತೆ ಅದೇ ಮಾತು ಹೇಳಬೇಕು.

ನಿಮ್ಮವ,
ದೇವೇಂದ್ರಪ್ಪ