ಇಪ್ಪತ್ಮೂರನೇ ವಚನದ ಮೇಲೆ ಏನಿದೆ

ಉದಯಕುಮಾರನಿಗೆ,

ಅಯ್ಯನವರೇ ಎಂದು ಬರೆಯಲು ಕೈ ಬರಲಿಲ್ಲ. ಕಾಲೇಜು ದಿನಗಳಲ್ಲಿ ದಲಿತ ಸಂಘದ ಕರಪತ್ರ ಹಿಡಿದು ನನ್ನ ಜೊತೆ ಶಿರಾ ಗೇಟಿನ ಬಿಸಿಲಲ್ಲಿ ನಿಂತವನು ನೀನು. ಹೆಸರಿಂದಲೇ ಕರೀತೀನಿ.

ನೀನು ಕೊಟ್ಟ ಮಾತುಗಳು ಇವು. ಕೊರೊನಾಕ್ಕೆ ಅಂತ ಒಡೆದ ಎರಡು ಆರಾಧನೆ ಮತ್ತೆ ಒಂದಾಗುತ್ತವೆ. ಕರ್ತನ ಭೋಜನದ ದ್ರಾಕ್ಷಾರಸಕ್ಕೆ ಪ್ಲಾಸ್ಟಿಕ್ ಲೋಟ ಹೋಗಿ ಎಲ್ಲರೂ ಕುಡಿಯೋ ಒಂದೇ ಬೆಳ್ಳಿ ಬಟ್ಟಲು ವಾಪಸ್ ಬರುತ್ತೆ. ಸಭೆಯ ಕಮಿಟಿಗೆ ಕಾಲೋನಿಯಿಂದ ಒಬ್ಬರು ಬರುತ್ತಾರೆ. ಮೂರು ವರ್ಷದ ಹಿಂದೆ, ಗುಬ್ಬಿ ಕಡೆಯ ನಮ್ಮ ಸಣ್ಣ ಚರ್ಚಿಗೆ ಪಾಲಕನಾಗಿ ಬಂದ ಮೊದಲ ಭಾನುವಾರವೇ ನೀನು ಹೇಳಿದ್ದು. ಸಿಗದೇ ಹೋದದ್ದು: ಮೂರೂ.

ಅಲ್ಲ, ತಪ್ಪು ಬರೆದೆ. ಬೆಳ್ಳಿ ಬಟ್ಟಲು ಬಂದಿದೆ. ಎಂಟು ಗಂಟೆಯ ಆರಾಧನೆಗೆ, ಪೇಟೆಯವರಿಗೆ. ಹತ್ತೂವರೆಗೆ ಬರೋ ಕಾಲೋನಿಯವರಿಗೆ ಇವತ್ತಿಗೂ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಲೋಟವೇ. ಒಂದೇ ಚರ್ಚು, ಒಬ್ಬನೇ ಪಾಲಕ, ಕರ್ತನ ಭೋಜನ ಎರಡು ತರ. ಯಾರೂ ಹೇಳಲಿಲ್ಲ, ಹಾಗಾಗಿ ಯಾರೂ ಕೇಳಲಿಲ್ಲ. ಎಂಟಕ್ಕೆ ಬಂದವರು ಮನೆಗೆ ಹೋದ ಮೇಲೇ ನಾವು ಬರೋದು, ನಮಗೆ ಗೊತ್ತಾಗೋದಾದ್ರೂ ಹೇಗೆ?

ಗೊತ್ತಾದದ್ದು ಈ ತಿಂಗಳ ಮೊದಲ ಭಾನುವಾರ. ಕುಣಿಗಲ್ಲಿನಲ್ಲಿ ನಮ್ಮ ನೆಂಟರ ಮದುವೆ ಇತ್ತು. ತಿಂಗಳಿಗೊಮ್ಮೆ ಬರೋ ಕರ್ತನ ಭೋಜನ ತಪ್ಪಿಸೋದು ಬೇಡ, ಎಂಟರ ಆರಾಧನೆಗೇ ಹೋಗಿ ಅಲ್ಲಿಂದ ಬಸ್ ಹತ್ತೋಣ ಅಂದಳು ಅವ್ವ. ಎಪ್ಪತ್ತಾರು ವರ್ಷದ ಕದರಮ್ಮ ಮಂಡಿನೋವನ್ನು ಬೈಕೊಳ್ಳುತ್ತಾ ಪೀಠದ ಮುಂದೆ ಮೊಣಕಾಲೂರಿದಳು. ಪಕ್ಕದಲ್ಲಿ ಪೇಟೆಯ ಗ್ರೇಸಮ್ಮ ಟೀಚರ್. ನಾನು ನಂಬಿಕೆ ಬಿಟ್ಟವಳು, ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನಿನ್ನ ಕೈಯಲ್ಲಿ ಬೆಳ್ಳಿ ಬಟ್ಟಲು ಹೊಳೀತಿತ್ತು. ಟೀಚರ್ ಕುಡಿದರು, ನೀನು ಅಂಚು ಒರೆಸಿದೆ. ಅವ್ವ ಮುಖ ಎತ್ತಿದಳು. ಅಷ್ಟರಲ್ಲಿ ತಟ್ಟೆ ಹಿಡಿದಿದ್ದ ಸಭೆಯ ಹಿರಿಯರು ನಿನ್ನ ಕಿವಿ ಹತ್ತಿರ ಬಗ್ಗಿದರು. ನೀನು ಬಟ್ಟಲು ಹಿಂದಕ್ಕೆ ಎಳೆದುಕೊಂಡೆ. ಪೀಠದ ಬಟ್ಟೆಯ ಮರೆಯಿಂದ ಒಂದು ಪ್ಲಾಸ್ಟಿಕ್ ಲೋಟ ಬಂತು.

ಆಮೇಲೆ ನೀನು ಬಾಗಿಲಲ್ಲಿ ನಿಂತು ಹೇಳಿದೆ, ವಯಸ್ಸಾದವರಿಗೆ ಸೋಂಕು ತಗುಲಬಾರದು ಅಂತ. ಗ್ರೇಸಮ್ಮ ಟೀಚರಿಗೆ ಎಂಬತ್ತೊಂದು ಕಣೋ. ಅವರಿಗೆ ತಗುಲದ ಸೋಂಕು ನಮ್ಮವ್ವನನ್ನೇ ಹುಡುಕಿಕೊಂಡು ಬರುತ್ತಾ? ಅವತ್ತು ಎಂಟಕ್ಕೆ ನಾವು ಬರುತ್ತೇವೆಂದು ಯಾರಿಗೂ ಗೊತ್ತಿರಲಿಲ್ಲ. ಆದರೂ ಲೋಟ ಅಲ್ಲಿ ತಯಾರಿತ್ತು. ಅಂದರೆ ಯಾವತ್ತೋ ಒಂದು ದಿನ ನಮ್ಮವರು ತಪ್ಪಿ ಎಂಟಕ್ಕೆ ಬಂದುಬಿಟ್ಟರೆ ಅಂತ ಮುಂಚೆಯೇ ಯೋಚಿಸಿ ಇಟ್ಟದ್ದು.

ಇಪ್ಪತ್ತನಾಲ್ಕು ವರ್ಷದಿಂದ ಬಸ್ಸಿನಲ್ಲಿ ಟಿಕೆಟ್ ಹರಿಯೋಳು ನಾನು. ಇಳಿಯೋ ಸ್ಟಾಪಿನ ಬಗ್ಗೆ ಸುಳ್ಳು ಹೇಳೋನು ಕಂಡಕ್ಟರ್ ಮುಖ ನೋಡಲ್ಲ, ಕಿಟಕಿ ಕಡೆ ನೋಡ್ತಾನೆ. ಅವ್ವನ ಕೈಗೆ ಆ ಲೋಟ ಕೊಡುವಾಗ ನೀನು ಕಿಟಕಿ ಕಡೆ ನೋಡಿದೆ.

ನೆನಪು ಮಾಡ್ಕೋ. ಊರ್ಡಿಗೆರೆ ಹೋಬಳಿಯ ಆ ಹಳ್ಳಿ ಹೋಟೆಲು. ನಮ್ಮವರ ಲೋಟ ಹೊರಗೆ ಸೂರಿನ ಗಳಕ್ಕೆ ಸಿಕ್ಕಿಸಿರುತ್ತಿತ್ತು. ಕುಡಿದು, ನಾವೇ ತೊಳೆದು, ಅಲ್ಲೇ ಸಿಕ್ಕಿಸಬೇಕಿತ್ತು. ನೀನು ಅದನ್ನು ಕಿತ್ತು ತಂದು ಹೋಟೆಲಿನವನ ಮೇಜಿನ ಮೇಲೆ ಇಟ್ಟು, "ಲೋಟ ಎರಡಾದ್ರೆ ನಿಮ್ಮ ದೇವ್ರೂ ಎರಡೇ ಕಣಯ್ಯಾ" ಅಂದಿದ್ದೆ. ನಿನ್ನ ಅಂಗಿ ಹರಿಯಿತು, ನನಗೆ ಎರಡು ಏಟು ಬಿತ್ತು. ಅಂಥ ಬಾಯಿಯವನು ಪಾಲಕನಾಗಲು ಓದೋಕೆ ಹೊರಟಾಗ ಸಂಘದವರೆಲ್ಲ ನಕ್ಕರು. ನಾನು ನಗಲಿಲ್ಲ. ಈ ಲೋಟದ ಕಥೆಯನ್ನು ಇವನು ಅಲ್ಲೂ ಹೇಳ್ತಾನೆ ಅಂದುಕೊಂಡೆ.

ಅವ್ವ ಕ್ರಿಸ್ತನವಳಾದದ್ದೂ ಲೋಟದಿಂದಲೇ, ಇದನ್ನು ನಿನಗೆ ಯಾವತ್ತೂ ಹೇಳಿಲ್ಲ. ಆಗ ಅವಳಿಗೆ ಇಪ್ಪತ್ತು. ಬೊಗಸೆಗೆ ಮೇಲಿಂದ ನೀರು ಹುಯ್ಯಿಸಿಕೊಂಡೇ ಬೆಳೆದ ಹುಡುಗಿ. ಆಗಿನ ಅಯ್ಯನವರು ಹೆಡ್ಮಾಸ್ಟರ ಹೆಂಡತಿ ಕುಡಿದ ಬಟ್ಟಲನ್ನೇ ನೆಂಟರ ಜೊತೆ ಚರ್ಚು ನೋಡಲು ಬಂದು ಕೂತಿದ್ದ ಇವಳ ತುಟಿಗೆ ಹಿಡಿದರಂತೆ. ದೀಕ್ಷಾಸ್ನಾನ ಆಗದವರಿಗೆ ಕೊಡಬಾರದು, ಅವರು ಗುರುತು ತಪ್ಪಿ ಕೊಟ್ಟದ್ದು. "ಅವ್ರು ತಪ್ಪು ಮಾಡುದ್ರು, ನಾನು ಅದನ್ನ ಸರಿ ಮಾಡ್ದೆ" ಅಂತಾಳೆ ಅವ್ವ. ಮುಂದಿನ ತಿಂಗಳೇ ಹೋಗಿ ದೀಕ್ಷಾಸ್ನಾನಕ್ಕೆ ನೀರಿಗಿಳಿದಳು.

ಕುಣಿಗಲ್ಲಿನ ಮದುವೆಯಿಂದ ಬಂದವಳು ಕಪಾಟಿನ ಮೇಲಿಂದ ಬಿಸ್ಕತ್ತಿನ ಡಬ್ಬಿ ಇಳಿಸಿದಳು. ಒಳಗೆ ಮೂವತ್ತೈದು ಪ್ಲಾಸ್ಟಿಕ್ ಲೋಟ, ತೊಳೆದು ಒಂದರೊಳಗೊಂದು ಇಟ್ಟವು. ಕರ್ತನ ರಕ್ತ ಮುಟ್ಟಿದ್ದನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸು ಬಾರದೆ, ನೀನು ಬಂದಾಗಿನಿಂದ ತಿಂಗಳು ತಿಂಗಳೂ ಸೆರಗಲ್ಲಿ ಕಟ್ಟಿಕೊಂಡು ಬಂದಿದ್ದಾಳೆ. ಹತ್ತೂವರೆಯ ಆರಾಧನೆಯಲ್ಲಿ ಲೋಟದ ಬುಟ್ಟಿ ಯಾಕೆ ತುಂಬುವುದಿಲ್ಲ ಅಂತ ನೀನು ಯಾವತ್ತಾದರೂ ನೋಡಿದ್ದೀಯಾ? ಕಾಲೋನಿಯ ಅರ್ಧ ಮನೆಗಳಲ್ಲಿ ಇಂಥ ಡಬ್ಬಿ ಇದೆ.

ಆವತ್ತಿನದನ್ನು ಮೇಲಿಟ್ಟು ಮುಚ್ಚಳ ಹಾಕಿದಳು. "ಇನ್ನು ನಾನು ತಗೊಳಲ್ಲ ಕಣೇ ಸುಮನಾ. ಬಟ್ಟಲು ಒಂದಾಗೋವರ್ಗೂ ಕಾಯ್ತೀನಿ. ಅದ್ರೊಳ್ಗೆ ಸತ್ರೆ ಸಾಯ್ತೀನಿ ಬುಡು." ಐವತ್ತಾರು ವರ್ಷದಲ್ಲಿ ಹೆರಿಗೆ, ಜ್ವರ ಬಿಟ್ಟರೆ ಭೋಜನ ತಪ್ಪಿಸದವಳು. ನಾನು ನಿನ್ನನ್ನು ಬೈಯಲು ಶುರು ಮಾಡಿದೆ. ತಡೆದಳು. "ಅವ್ನ ಕೈ ನಡುಗ್ತಿತ್ತು, ನೀನ್ ನೋಡ್ಲಿಲ್ವಾ? ಅವ್ನು ಇಪ್ಪತ್ಮೂರ್ರಿಂದ ಓದ್ತಾನೆ. ಮೇಲಿಂದ ಓದು ಅನ್ನು."

ನನಗೆ ಅರ್ಥವಾಗಲಿಲ್ಲ. ಮಾರನೇ ದಿನ ಕುಣಿಗಲ್ ಸ್ಟ್ಯಾಂಡಿನಲ್ಲಿ ಬಸ್ ಹೊರಡಲು ಹೊತ್ತಿತ್ತು, ಜೊತೆಗೆ ತಂದಿದ್ದ ಅವ್ವನ ಸತ್ಯವೇದ ತೆಗೆದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರ, ಹನ್ನೊಂದನೇ ಅಧ್ಯಾಯ. ಭೋಜನದ ದಿನ ನೀವು ಓದೋದು ಇಪ್ಪತ್ಮೂರರಿಂದ: ಕರ್ತನು ರೊಟ್ಟಿ ತೆಗೆದುಕೊಂಡದ್ದು, ಬಟ್ಟಲು ಕೊಟ್ಟದ್ದು. ಅದರ ಮೇಲೇನಿದೆ ಅಂತ ನನಗೂ ಗೊತ್ತಿರಲಿಲ್ಲ. ಅಲ್ಲಿ ಹದಿನೇಳನೇ ವಚನದಿಂದ, ಆ ಪತ್ರ ಬರೆದ ಪೌಲ ಉರಿದು ಬಿದ್ದಿದ್ದಾನೆ. ಉಳ್ಳವರು ಮೊದಲು ಬಂದು ಉಂಡು ಮುಗಿಸುತ್ತಾರೆ, ಆಮೇಲೆ ಬಂದ ಇಲ್ಲದವರು ಹಸಿದಿರುತ್ತಾರೆ. ಇದು ಕರ್ತನ ಭೋಜನವೇ ಅಲ್ಲ, ಇಲ್ಲದವರಿಗೆ ಮಾಡೋ ಅವಮಾನ ಅನ್ನುತ್ತಾನೆ. ಕೊನೆಗೆ, ಒಬ್ಬರಿಗಾಗಿ ಒಬ್ಬರು ಕಾಯಿರಿ ಅನ್ನುತ್ತಾನೆ. ಎರಡು ಸಾವಿರ ವರ್ಷದ ಹಿಂದಿನ ಎಂಟು ಗಂಟೆ, ಹತ್ತೂವರೆ ಗಂಟೆ.

ನನಗೆ ಈಗ ಎಲ್ಲದರ ಮೇಲೂ ಅನುಮಾನ. ಆ ಮೇಲಿನ ವಚನಗಳನ್ನು ಬಿಟ್ಟು ಓದುವ ವಾಡಿಕೆ ಯಾರಿಗೆ ಬೇಕಿತ್ತು? ಆರಾಧನೆಯ ಕ್ರಮದ ಪುಸ್ತಕ ಹಾಗೇ ಇದೆ ಅಂತೀಯ. ಪುಸ್ತಕ ನಿನ್ನ ಕೈ ಕಟ್ಟಿಹಾಕಿದೆಯಾ? ಹಿರಿಯರು ವರ್ಗಾವಣೆ ಮಾಡಿಸ್ತಾರೆ ಅನ್ನೋ ಭಯವಾ? ಇಲ್ಲ, ನೀನೂ ನಮ್ಮವನೇ ಅನ್ನೋದು ಪೇಟೆಯವರಿಗೆ ನೆನಪಾಗಬಾರದು ಅಂತಲಾ? ಈ ಕೊನೆಯದು ಸುಳ್ಳಾಗಲಿ. ನಿನ್ನ ವಿಚಾರದಲ್ಲಿ ನನಗೆ ಉಳಿದಿರೋ ಪ್ರಾರ್ಥನೆ ಅದೊಂದೇ.

ಕಮಿಟಿಗೆ ಅರ್ಜಿ ಕೊಡಲ್ಲ. ನಮ್ಮವರೊಬ್ಬರೂ ಇಲ್ಲದ ಕಮಿಟಿಯಲ್ಲಿ ನಮ್ಮ ಅರ್ಜಿ ಓದೋರು ಯಾರು? ಕಾಲೋನಿಯ ಮನೆ ಮನೆಗೆ ಹೋಗಿ ಮಾತಾಡಿದ್ದೇನೆ. ಬರುವ ಭೋಜನಕ್ಕೆ ಎಲ್ಲರೂ ಎಂಟಕ್ಕೇ ಬರ್ತಾರೆ, ಡಬ್ಬಿಗಳ ಸಮೇತ. ಗಲಾಟೆ ಮಾಡಲ್ಲ, ಘೋಷಣೆ ಕೂಗಲ್ಲ. ಲೋಟಗಳನ್ನು ಪೀಠದ ಮೆಟ್ಟಿಲ ಮೇಲೆ ಇಟ್ಟು ಮೊಣಕಾಲೂರುತ್ತಾರೆ, ಅಷ್ಟೇ. ಮೊದಲನೆಯವಳು ಅವ್ವ. ನಂಬಿಕೆ ಇಲ್ಲದ ನಾನು ಅವಳ ರಟ್ಟೆ ಹಿಡಿದು ಪಕ್ಕದಲ್ಲಿರುತ್ತೇನೆ. ನೀನು ಹದಿನೇಳನೇ ವಚನದಿಂದ ಓದ್ತೀಯೋ ಇಪ್ಪತ್ಮೂರರಿಂದಲೋ ಕೇಳಿಸಿಕೊಳ್ತೀನಿ. ಬಟ್ಟಲು ಅವಳ ಹತ್ತಿರ ಬಂದಾಗ ನಿನ್ನ ಕಣ್ಣು ಯಾವ ಕಡೆ ಹೋಗುತ್ತೆ ಅಂತ ನೋಡ್ತೀನಿ.

ಅವ್ವ ನಿನಗೆ ಒಳ್ಳೇದಾಗಲಿ ಅಂದಿದ್ದಾಳೆ. ದಿನಾ ನಿನ್ನ ಹೆಸರು ಹೇಳಿ ಪ್ರಾರ್ಥನೆ ಮಾಡ್ತಾಳೆ, ನಡುಗೋ ಕೈಗೆ ಬಲ ಕೊಡು ಅಂತ. ಅದು ಅವಳ ಆಶೀರ್ವಾದ, ತಲುಪಿಸಿದ್ದೇನೆ. ನನ್ನದು ಇನ್ನೂ ನನ್ನ ಹತ್ತಿರವೇ ಇದೆ. ಬರುವ ತಿಂಗಳ ಮೊದಲ ಭಾನುವಾರ, ಬೆಳಗ್ಗೆ ಎಂಟು ಗಂಟೆಗೆ ತರುತ್ತೇನೆ.

ಕದರಮ್ಮನ ಮಗಳು,
ಸುಮನಾ