ಎರಡನೆಯ ಬಿರಡೆ

ರಾಯಚೂರು
೧೪ ನವೆಂಬರ್ ೨೦೨೪

ಪ್ರಿಯ ರಾಧಾ,

ದೇವದುರ್ಗದಿಂದ ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಬೈದುಕೊಂಡಿರುತ್ತೀ, ಬೈದುಕೋ. ಫೋನಿನಲ್ಲಿ ಹೇಳುವ ಮಾತಲ್ಲ, ಬರೆಯಲು ಕೂತರೆ ಕೈ ಮುಂದೆ ಹೋಗುತ್ತಿರಲಿಲ್ಲ. ನಿನ್ನ ಮೊಣಕಾಲು ನೋವು ಹೇಗಿದೆ? ನೀನು ಕಳಿಸಿದ ಗುರೆಳ್ಳು ಚಟ್ನಿಪುಡಿ ಯಾವಾಗಲೋ ಮುಗಿಯಿತು, ಡಬ್ಬಿ ತೊಳೆದಿಟ್ಟಿದ್ದೇನೆ.

ಇದೇ ೨೪ಕ್ಕೆ ಮಾನ್ವಿಯಲ್ಲಿ ನನ್ನ ಕೊನೆಯ ಕಾರ್ಯಕ್ರಮ. ಮೂವತ್ತೆಂಟು ವರ್ಷ ವಾದ್ಯವೃಂದ ನಡೆಸಿದೆ, ಇನ್ನು ಸಾಕು. ಹದಿನಾಲ್ಕು ಮಂದಿಯ ಮುಂದೆ ಕೂತು ಮೊದಲ ಷಡ್ಜ ಕೊಡುವ ಗತ್ತು ನನಗೆ ಬಹಳ ಇತ್ತು, ಸುಳ್ಳು ಯಾಕೆ ಹೇಳಲಿ. ನಾವಿಬ್ಬರೂ ಬೂದೆಪ್ಪ ಮಾಸ್ತರರ ಹತ್ತಿರ ಪಿಟೀಲು ಕಲಿತ ಊರಿನಲ್ಲೇ ಮುಗಿಯಲಿ ಎಂದು ಒಪ್ಪಿಕೊಂಡೆ.

ಆದರೆ ಗಣೇಶ ಚೌತಿಯಿಂದ ನನ್ನ ಪಿಟೀಲು ಶ್ರುತಿಯಲ್ಲಿ ನಿಲ್ಲುತ್ತಿಲ್ಲ. ಎರಡನೆಯ ತಂತಿ ಬಿಗಿದು ಕಮಾನು ಎಳೆದರೆ ಸಾಕು, ಅದನ್ನು ಸುತ್ತಿದ ಬಿರಡೆ ತಾನಾಗಿ ಹಿಂದಕ್ಕೆ ತಿರುಗಿ ತಂತಿ ಸಡಿಲಾಗುತ್ತದೆ. ಜಾರದಿರಲೆಂದು ಸೀಮೆಸುಣ್ಣದ ಪುಡಿ ಹಚ್ಚಿದೆ. ಮರುದಿನ ಪೆಟ್ಟಿಗೆ ತೆಗೆದರೆ ಬಿರಡೆಯ ತುಂಬ ಎಣ್ಣೆ. ಮೂಸಿದೆ, ಕುಸುಬಿ ಎಣ್ಣೆ. ನಮ್ಮ ಮನೆಗೆ ಅದನ್ನು ತಂದು ಎಷ್ಟೋ ವರ್ಷವಾಯಿತು.

ವಾದ್ಯ ರಿಪೇರಿಯ ಮೆಹಬೂಬ್ ಪಾಷಾ ಬಿರಡೆಯನ್ನೇ ಬದಲಿಸಿಕೊಟ್ಟ. ಎರಡೇ ದಿನಕ್ಕೆ ಮತ್ತೆ ಒಯ್ದೆ. "ಅಕ್ಕಾರ, ಇದು ಹಳೇ ಎಣ್ಣಿ ಅಲ್ರೀ. ಯಾರೋ ಈಗ ಹಚ್ಚಿದಂಗ ಅದ," ಎಂದ. ದುಡ್ಡು ಮುಟ್ಟಲಿಲ್ಲ, ಪಿಟೀಲನ್ನೂ ಇಟ್ಟುಕೊಳ್ಳಲಿಲ್ಲ.

ನನ್ನ ಶಿಷ್ಯ ಅನಿಲಕುಮಾರ ಶಕ್ತಿನಗರದಲ್ಲಿ ಎಂಜಿನಿಯರ್, ಇಂಥದ್ದನ್ನೆಲ್ಲ ನಂಬುವವನಲ್ಲ. ಪೆಟ್ಟಿಗೆಯನ್ನು ತನ್ನ ಮನೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದ. ವಾರ ಬಿಟ್ಟು ತಂದವನು, "ಅಕ್ಕಾರ, ಇದರಾಗ ದೀಪದ ಬತ್ತಿ ಯಾಕ ಇಟ್ಟೀರಿ?" ಎಂದು ಕೇಳಿದ. ಅರ್ಧ ಸುಟ್ಟ ಬತ್ತಿ. ನಾನು ಇಟ್ಟಿರಲಿಲ್ಲ ರಾಧಾ. ನನಗೆ ಬಹಳ ಹೆದರಿಕೆಯಾಯಿತು.

ನಿನ್ನೆ ಬೆಳಿಗ್ಗೆ ತಾಲೀಮಿಗೆ ಅವನ ಪಿಟೀಲನ್ನೇ ತೆಗೆದುಕೊಂಡೆ. ನಾನು ಬಿರಡೆ ಮುಟ್ಟಿದೆ, ಅದೂ ಜಾರಿತು. ಅವನು ಪಿಟೀಲು ಇಸಿದುಕೊಂಡು ನೋಡಿ, ಆಮೇಲೆ ನನ್ನ ಕೈ ನೋಡಿದ. "ಎಣ್ಣಿ ಬಿರಡ್ಯಾಗಿಲ್ರೀ. ನಿಮ್ಮ ಬೆರಳಿಗೆ ಅದ," ಎಂದು ಮೆಲ್ಲಗೆ ಹೇಳಿದ. ಹದಿನಾಲ್ಕು ಮಂದಿಯೂ ನನ್ನ ಬೆರಳನ್ನೇ ನೋಡುತ್ತಿದ್ದರು.

ವಾದ್ಯವೃಂದದ ಮುಂದೆ ಕೂರಲು ಮಾಸ್ತರರು ನಮ್ಮಿಬ್ಬರಲ್ಲಿ ಒಬ್ಬರನ್ನು ಆರಿಸಿದ ದಿನ ನಿನಗೆ ಮರೆತಿರಲಿಕ್ಕಿಲ್ಲ. ಪಿಟೀಲುಗಳನ್ನು ಶ್ರುತಿ ಮಾಡಿ ದೇವರ ದೀಪದ ಮುಂದಿಟ್ಟು ಬಾಗಿಲು ಮುಚ್ಚುವುದು ಅವರ ಪದ್ಧತಿ. ಅಲ್ಲಿಂದ ಎತ್ತಿದ ಮೇಲೆ ಯಾರ ತಂತಿ ಜಾರುತ್ತದೋ ಅವರಿಗೆ ದೇವರ ಅಪ್ಪಣೆ ಇಲ್ಲವೆಂದು ನಂಬಿದ್ದರು. ನಿನ್ನದು ಜಾರಿತು. ನಿನ್ನ ಕೈ ನನಗಿಂತ ಮೇಲು ಎಂದು ಅವರಿಗೂ ಗೊತ್ತಿತ್ತು, ಆದರೂ ತಲೆ ತಗ್ಗಿಸಿ ಕೂತರು. "ದೇವರೇ ಬ್ಯಾಡ ಅಂದಾನ, ಬಿಡು," ಎಂದು ನೀನು ಪೆಟ್ಟಿಗೆ ಮುಚ್ಚಿದೆ. ಆಮೇಲೆ ನಿನ್ನ ತಲೆಯ ಮಲ್ಲಿಗೆ ತೆಗೆದು ನನಗೆ ಮುಡಿಸಿದೆ. ಅವತ್ತಿನಿಂದ ನೀನು ಕಮಾನು ಹಿಡಿಯಲಿಲ್ಲ.

ಮಾನ್ವಿಗೆ ಬಾ. ನನ್ನ ಜಾಗದಲ್ಲಿ ಕೂತು ಒಂದೇ ಒಂದು ಷಡ್ಜ ಕೊಡು. ನಡುಗಿದರೂ ಪರವಾಗಿಲ್ಲ, ಹದಿನಾಲ್ಕು ಮಂದಿ ಅದಕ್ಕೇ ಶ್ರುತಿ ಸೇರಿಸುತ್ತಾರೆ. ನಾನು ಹಿಂದೆ ಕೂತಿರುತ್ತೇನೆ.

ನಿನ್ನ ಮನೆಯಲ್ಲಿ ಎಲ್ಲರೂ ಚೆನ್ನಾಗಿರಲಿ. ಮೊಮ್ಮಗಳು ಕಾವ್ಯಾಗೆ ನನ್ನ ಆಶೀರ್ವಾದ ಹೇಳು.

ನಿನ್ನ
ಗುರುಶಾಂತಮ್ಮ

ತಾ.ಕ.: ಅವತ್ತು ಹೂವು ಮರೆತೆನೆಂದು ಸುಳ್ಳು ಹೇಳಿ ದೇವರ ಕೋಣೆಗೆ ಹೋದೆ. ಉರಿಯುತ್ತಿದ್ದ ಬತ್ತಿಯನ್ನು ಆರಿಸಿ, ಅದರ ಕುಸುಬಿ ಎಣ್ಣೆಯನ್ನು ನಿನ್ನ ಎರಡನೆಯ ಬಿರಡೆಗೆ ಹಚ್ಚಿದೆ. ಬೇಡ ಅಂದದ್ದು ದೇವರಲ್ಲ ರಾಧಾ, ನಾನು. ಇದನ್ನು ಬರೆಯುವ ಮೊದಲು ಸೀಗೆಪುಡಿ ಹಾಕಿ ಮೂರು ಸಲ ಕೈ ತೊಳೆದುಕೊಂಡಿದ್ದೇನೆ. ಕಾಗದದ ಅಂಚು ಮುಟ್ಟಿ ನೋಡು.