ಅಮ್ಮನ ಶ್ರಾದ್ಧದ ದಾರಿಖರ್ಚು

ಪ್ಲೆಸೆಂಟನ್
ಅಕ್ಟೋಬರ್ ೧೯, ಸೋಮವಾರ

ಪ್ರೀತಿಯ ಗುರುಪ್ರಸಾದಣ್ಣನಿಗೆ ಹಂಸಾಳ ನಮಸ್ಕಾರ.

ಬೆನ್ನುನೋವು ಹೇಗಿದೆ? ಸ್ಯಾಕ್ರಮೆಂಟೊದಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಗಿಲ್‌ರಾಯ್‌ನ ಮನೆಯಲ್ಲಿರುವ ಅತ್ತಿಗೆಗೂ ಆಗಾಗ ಮುಖ ತೋರಿಸು. ಇಲ್ಲಿ ಇವರೂ ಮಕ್ಕಳೂ ಚೆನ್ನಾಗಿದ್ದಾರೆ, ನನಗೆ ಮಾತ್ರ ನಿನ್ನ ಮೇಲಿನ ಸಿಟ್ಟಿಗೆ ಊಟ ಸೇರುತ್ತಿಲ್ಲ. ಸ್ಯಾಕ್ರಮೆಂಟೊದ ವಿಧಾನಸಭೆಗೆ ಶಾಸಕನಾದ ಮೇಲೆ, ನಾನು ಯಾವಾಗ ಫೋನ್ ಮಾಡಿದರೂ ನೀನು ಮೀಟಿಂಗಿನಲ್ಲಿರುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಇದನ್ನಾದರೂ ಪೂರ್ತಿ ಓದು.

ಶಾಸಕರ ಖರ್ಚಿಗೆ ಸರ್ಕಾರ ಕೊಡುವ ಹಣಕ್ಕೆ ಮಿತಿ ಹಾಕಬೇಕೇ ಎಂದು ಈ ಸಲದ ಬ್ಯಾಲೆಟ್ಟಿನಲ್ಲಿ ಕೇಳಿದ್ದಾರಲ್ಲ, ಆಗಿನಿಂದ ನಿಮಗೆಲ್ಲ ಹಳೆಯ ಬಿಲ್ಲುಗಳ ನೆನಪಾಗಿರಬೇಕು. ಹೋದ ವಾರ ನಿನ್ನ ಆಫೀಸಿನ ಹುಡುಗಿ ಫೋನ್ ಮಾಡಿ, ಜೂನ್‌ನಲ್ಲಿ ನೀನು ನಮ್ಮ ಮನೆಯಲ್ಲಿ ನಡೆಸಿದ ಕನ್ನಡಿಗ ಮತದಾರರ ಸಭೆಗೆ ಯಾರು ಯಾರು ಬಂದಿದ್ದರು ಎಂದು ಕೇಳಿದಳು. ನಾನು ಬೆಪ್ಪಾದೆ. ಜೂನ್‌ನಲ್ಲಿ ಇಲ್ಲಿ ನಡೆದದ್ದು ಅಮ್ಮನ ಶ್ರಾದ್ಧ. ನಾನು ಬೆಳಗಿನಿಂದ ಮಡಿಯಲ್ಲಿ ವಡೆ, ಎಳ್ಳುಂಡೆ ಮಾಡುತ್ತಿದ್ದೆ. ನೀನು ಪಿಂಡ ಇಟ್ಟವನು ಹಿತ್ತಲಿಗೆ ಕಾಗೆ ಬರುವವರೆಗೂ ಕಾಯದೆ ಕಾರು ಹತ್ತಿದೆ. ಆ ಹುಡುಗಿ ಹೇಳಿದ್ದು ನೋಡಿದರೆ, ಅದನ್ನೇ ಸಭೆಯೆಂದು ತೋರಿಸಿ, ಬಂದು ಹೋದ ದಾರಿಖರ್ಚು, ಆ ದಿನದ ಭತ್ಯೆ ಎರಡನ್ನೂ ಸರ್ಕಾರದಿಂದ ವಸೂಲು ಮಾಡಿದ್ದೀಯ.

ವಿಚಾರಿಸಿ ಹೇಳುತ್ತೇನೆ ಎಂದು ಅವಳಿಗೆ ಹೇಳಿ, ಹೇಗೋ ಫೋನಿನಲ್ಲಿ ಸಿಕ್ಕ ನಿನ್ನನ್ನು ಕೇಳಿದರೆ ನೀನು ಏನೆಂದೆ? "ಪುರೋಹಿತರು ಬಂದಿದ್ರಲ್ಲ, ಅವರೂ ವೋಟರ್ಸೇ ಕಣೇ. ಇನ್ನೊಂದ್ ನಾಲ್ಕ್ ಹೆಸರು ಸೇರಿಸಿ ಹೇಳು, ನಿಂದೇನ್ ಗಂಟು ಹೋಗುತ್ತೆ?" ನನ್ನ ಗಂಟು ಹೋಗುವುದಿಲ್ಲ, ನಿಜ. ಪೆಟ್ರೋಲಿಗೆ ತೊಂದರೆ ಎಂದಿದ್ದರೆ ಇವರೇ ಬಂದು ಕರೆತರುತ್ತಿದ್ದರು. ಆದರೆ ಹೆತ್ತವಳಿಗೆ ಒಂದು ತುತ್ತು ಅನ್ನ ಇಡಲು ಬಂದದ್ದಕ್ಕೂ ಕೂಲಿ ಪಡೆದೆಯಲ್ಲ, ಈಗ ನನ್ನ ಬಾಯಲ್ಲೂ ಆ ಸುಳ್ಳನ್ನು ಹೇಳಿಸಲು ಹೊರಟೆಯಲ್ಲ, ನಿನಗೆ ನಾಚಿಕೆಯಾಗುವುದಿಲ್ಲವೇ? ನನಗಂತೂ ನಿನ್ನನ್ನು ಅಣ್ಣ ಎನ್ನಲು ನಾಚಿಕೆಯಾಗುತ್ತಿದೆ.

ಪ್ರತಿ ಚುನಾವಣೆಯಲ್ಲೂ ನೀನು ಫೋನಿನಲ್ಲಿ ಹೇಳಿದಂತೆ ನಾವೆಲ್ಲ ಅಂಚೆಯಲ್ಲಿ ಬರುವ ಬ್ಯಾಲೆಟ್ಟನ್ನು ಊಟದ ಮೇಜಿನ ಮೇಲೆ ತುಂಬುತ್ತಿದ್ದೆವು. ಈ ಸಲವೂ ಆ ಮಿತಿಯ ಪ್ರಸ್ತಾವಕ್ಕೆ ಬೇಡ ಎಂದು ಹಾಕಲು ಹೇಳಿದ್ದೀಯ. ನಾನು ಬೇಕು ಎಂದು ಹಾಕಿ ಪೋಸ್ಟ್ ಮಾಡಿದೆ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿನಗೆ ದೇವರು ಒಳ್ಳೆಯ ಬುದ್ಧಿ ಕೊಡಲಿ.

ಇಂತಿ,
ಹಂಸಾ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಆ ಹುಡುಗಿ ಪುನಃ ಫೋನ್ ಮಾಡಿದಳು. ಆವತ್ತು ಯಾರಿಗೆಂದು ಎಲೆ ಹಾಕಿದ್ದೆವೋ ಅವರ ಹೆಸರನ್ನೇ ಕೊಟ್ಟೆ, ಅಮ್ಮನದು. ಸ್ಪೆಲ್ಲಿಂಗು ಕೇಳಿದಳು, ಹೇಳಿದೆ. ಅಮ್ಮನ ಈಗಿನ ವಿಳಾಸವೂ ಬೇಕಂತೆ. ಅದನ್ನು ನೀನೇ ಕೊಡು.